ಕಪೋತನ ಕಾಲ, ದೇಶ, ಮತ ಹಾಗೂ ಕೃತಿವಿಚಾರ

ಕನ್ನಡದಲ್ಲಿ ಯಾವ ಹಳೆಯ ಕವಿಯನ್ನು ಕೈಗೆತ್ತಿಕೊಂಡರೂ ವಿದ್ವಾಂಸರು ಮೊದಲು ಅವನ ದೇಶ, ಕಾಲ, ಮತ ಮತ್ತು ಅನ್ನ ಹಾಕಿದ ಅರಸನನ್ನು ವಿಚಾರಿಸುತ್ತಾರೆ. ಈ ನಾಲ್ಕು ಇತ್ಯರ್ಥವಾಗುವ ಹೊತ್ತಿಗೆ ವಿದ್ವಾಂಸರಿಗೆ ನಿವೃತ್ತಿ ಬಂದಿರುತ್ತದೆ. ಪದ್ಯ ಓದುವ ಪ್ರಮೇಯ ಒದಗುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿ, ಯುಟಿಲಿಟಿ, ಡಕ್ಟು ಮತ್ತು ಏಸಿ ಪೆಟ್ಟಿಗೆಗಳ ಹಿಂದೆ ವಿಪುಲವಾಗಿ ಕೃತಿರಚನೆ ಮಾಡುತ್ತಿರುವ ಪಾರಿವಾಳಕ್ಕೆ ಮಾತ್ರ ಈ ಗೌರವ ಇನ್ನೂ ಸಂದಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಗುರಿ. ಆಕರಸಾಮಗ್ರಿಯನ್ನು ಪೊರಕೆ ಮತ್ತು ಮೊರದ ನೆರವಿನಿಂದ ಸಂಗ್ರಹಿಸಲಾಗಿದೆ.

ಮೊದಲು ದೇಶವಿಚಾರ. ಶಾಸ್ತ್ರದಲ್ಲಿ ಕೊಲಂಬಾ ಲಿವಿಯಾ ಎಂದು ಹೆಸರಾದ ಈ ಹಕ್ಕಿಯ ತವರು ಮೆಡಿಟರೇನಿಯನ್ ಸೀಮೆಯಿಂದ ನಮ್ಮ ಉಪಖಂಡದವರೆಗಿನ ಕಡಿದಾದ ಬಂಡೆಗಳು. ಇದಕ್ಕೆ ಮರದ ಗೊಡವೆಯಿಲ್ಲ. ಬೇಕಾದದ್ದು ಎತ್ತರದ ಗೋಡೆ, ಗೋಡೆಯಲ್ಲೊಂದು ಚಾಚು, ಚಾಚಿನ ಮೇಲೊಂದು ಮರೆ. ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಇದಲ್ಲದೆ ಬೇರೇನಿದೆ? ಬಿಲ್ಡರು ಬ್ರೋಷರಿನಲ್ಲಿ ಅಚ್ಚು ಹಾಕಿಸಿದ್ದ ‘ನಿಸರ್ಗದ ಮಡಿಲಲ್ಲಿ ನಿಮ್ಮ ಮನೆ’ ಎಂಬ ಸಾಲನ್ನು ಫ್ಲ್ಯಾಟು ಕೊಂಡವರೆಲ್ಲ ಪ್ರಕ್ಷಿಪ್ತವೆಂದು ತಳ್ಳಿಹಾಕಿದ್ದಾರೆ. ಕಪೋತನ ಮಟ್ಟಿಗೆ ಅದೇ ಮೂಲಪಾಠ.

ಹಕ್ಕುಬಾಧ್ಯತೆಯ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. 1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂದಿತು. ಆ ತತ್ವವನ್ನು ಮೇಲಿನ ಮಹಡಿಗಳಿಗೂ ವಿಸ್ತರಿಸಿದರೆ ‘ಕೂರುವವನೇ ಕಿಟಕಿಯೊಡೆಯ’ ಎಂದಾಗುತ್ತದೆ. ಯುಟಿಲಿಟಿಯಲ್ಲಿ ದಿನವಿಡೀ ಯಾರು ಕೂರುತ್ತಾರೆ ಎಂದು ಪಂಚನಾಮೆ ಮಾಡಿಸಿದರೆ ಇಎಂಐ ಕಟ್ಟುವವರ ಪರ ಒಬ್ಬ ಸಾಕ್ಷಿಯೂ ಸಿಗಲಾರ.

ಒಕ್ಕಲೆಬ್ಬಿಸುವ ಯತ್ನಗಳು ನಡೆದಿವೆ. ಗೋಣಿಚೀಲದಲ್ಲಿ ಹಿಡಿದು ಅತ್ತಿಬೆಲೆಯಾಚೆ ಬಿಟ್ಟುಬರುವುದು ಒಂದು ಸಂಪ್ರದಾಯ. ಆದರೆ ಕಪೋತನಿಗೆ ಸೂರ್ಯನೇ ದಿಕ್ಸೂಚಿ. ಭೂಮಿಯ ಕಾಂತಕ್ಷೇತ್ರ, ವಾಸನೆ ಇವೂ ಕೈಹಿಡಿಯುತ್ತವೆ. ಅಲ್ಲದೆ ಪರಿಚಿತ ಸೀಮೆಯಲ್ಲಿ ಪಾರಿವಾಳಗಳು ಹೆದ್ದಾರಿಯ ಗುಂಟವೇ ಹಾರಿ, ವೃತ್ತ ಬಂದಲ್ಲಿ ತಿರುವು ತೆಗೆದುಕೊಳ್ಳುತ್ತವೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 2004ರಲ್ಲಿ ಸಾರಿದ್ದಾರೆ. ತಾತ್ಪರ್ಯವಿಷ್ಟೆ: ಬಿಟ್ಟುಬಂದವರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರುವಾಗ ಬಿಡಿಸಿಕೊಂಡವರು ಮನೆ ತಲುಪಿ ಗುಟುರು ಹಾಕುತ್ತಿರುತ್ತಾರೆ.

ಕಾಲನಿರ್ಣಯದಲ್ಲಿ ಭಿನ್ನಾಭಿಪ್ರಾಯವಿದೆ. ಮೊಟ್ಟೆಯಿಡುವುದು ಯುಗಾದಿಯ ಹಿಂದುಮುಂದು ಎಂದು ಎರಡನೇ ಮಹಡಿಯವರು. ದೀಪಾವಳಿಯ ಹೊತ್ತಿಗೆ ಎಂದು ಆರನೇ ಮಹಡಿಯವರು. ಇಬ್ಬರೂ ತಂತಮ್ಮ ವಾದಕ್ಕೆ ಮೊಟ್ಟೆಯ ಫೋಟೊವನ್ನೇ ಪ್ರಮಾಣವಾಗಿ ಒದಗಿಸಿದ್ದಾರೆ. ಎರಡೂ ಪಕ್ಷ ಸಾಧು, ಏಕೆಂದರೆ ಮೇವಿಗೆ ಬರವಿಲ್ಲದ ಊರಿನಲ್ಲಿ ಕಪೋತ ದಂಪತಿಗೆ ವರ್ಷವೆಲ್ಲ ಮುಹೂರ್ತವೇ. ಒಂದು ಬಾಣಂತನಕ್ಕೆ ಎರಡು ಮೊಟ್ಟೆ, ಸುಮಾರು ಹದಿನೆಂಟು ದಿನದ ಕಾವು. ಬೆಳಗಿನ ತಿಂಡಿ ಹೊತ್ತಿಗೆ ಗಂಡು ಬಂದು ಕೂತರೆ ಸಂಜೆ ಕಾಫಿ ಹೊತ್ತಿಗೆ ಏಳುವುದು. ಅಲ್ಲಿಂದ ಮುಂದೆ ಇಡೀ ರಾತ್ರಿ ಹೆಣ್ಣಿನ ಪಾಳಿ. ಮೊಟ್ಟೆಯೊಡೆದ ಮೇಲೆ ಹಾಲೂಡಿಸುವುದರಲ್ಲೂ ಗಂಡಿಗೆ ಸಮಪಾಲು. ಗಂಟಲಿನ ಕಾಳುಚೀಲದ ಒಳಪದರ ಸುಲಿದು ಮೊಸರಿನಂತಾಗುವ ಈ ಹಾಲಿಗೆ ಕಾರಣವಾದ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ನಾಮಕರಣವಾದದ್ದು 1930ರ ದಶಕದಲ್ಲಿ, ಪಾರಿವಾಳಗಳ ಮೇಲಿನ ಪ್ರಯೋಗದಿಂದಲೇ. ಹೆರಿಗೆ ವಾರ್ಡಿನಲ್ಲಿ ಈ ಹೆಸರು ಕೇಳಿದಾಗ ಏಸಿ ಪೆಟ್ಟಿಗೆಯ ಕಡೆಗೊಮ್ಮೆ ಕೈಮುಗಿಯುವುದು ಶಿಷ್ಟಾಚಾರ.

ಗೂಡಿನ ವಾಸ್ತುಶಿಲ್ಪದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ನಾಲ್ಕು ಕಡ್ಡಿ, ಒಂದು ತುಂಡು ವೈರು. ಉಳಿದ ಗಾರೆ ಕೆಲಸಕ್ಕೆ ಮರಿಗಳ ಹಿಕ್ಕೆ. ಬಂಡೆಯ ಚಾಚಿನ ಮೇಲೆ ಅಷ್ಟು ಸಾಕಾಗಿತ್ತು, ಇಲ್ಲೂ ಸಾಕು.

‘ಪಾರಿವಾಳದ ಮರಿಯನ್ನು ಕಂಡವರುಂಟೆ?’ ಎಂಬ ಪುರಾತನ ಸಂಶಯಕ್ಕೂ ಇಲ್ಲಿಯೇ ಪರಿಹಾರ. ಮರಿ ನಾಲ್ಕೈದು ವಾರ ಗೂಡು ಬಿಟ್ಟು ಕದಲದು. ಹೊರಬರುವಷ್ಟರಲ್ಲಿ ತಾಯಿತಂದೆಯ ಗಾತ್ರಕ್ಕೆ ಬಂದಿರುತ್ತದೆ. ಮೊಟ್ಟೆಯನ್ನು ತೆಗೆದೆಸೆದರೆ ಕಥೆ ಮುಗಿಯಿತೆಂದು ವಾದಿಸುವವರು ಗಮನಿಸಬೇಕಾದ್ದು: ಕೆಲವೇ ದಿನಗಳಲ್ಲಿ ಹೊಸ ಜೋಡಿ ಮೊಟ್ಟೆ ಅದೇ ಜಾಗದಲ್ಲಿ ಪ್ರಕಟವಾಗುತ್ತದೆ. ದ್ವಿತೀಯ ಮುದ್ರಣಕ್ಕೆ ಇಷ್ಟು ಬೇಗ ಹೋಗುವ ಗ್ರಂಥಕರ್ತರು ಕನ್ನಡದಲ್ಲಿ ಯಾರೂ ಇಲ್ಲ.

ಮತವಿಚಾರ ಸೂಕ್ಷ್ಮವಾದದ್ದು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಬೀಳುವಂತೆ ಮಾಡಿದರು. ಕಾಳು ಬಿದ್ದಾಗ ತಾನು ಏನು ಮಾಡುತ್ತಿತ್ತೋ ಅದರಿಂದಲೇ ಬಿತ್ತೆಂದು ನಂಬಿದಂತೆ ಒಂದು ಪ್ರದಕ್ಷಿಣೆ ಹಾಕತೊಡಗಿತು, ಮತ್ತೊಂದು ಮೂಲೆಗೆ ತಲೆ ತೂರಿಸಿತು. ಪಾರಿವಾಳಕ್ಕೂ ಮೂಢನಂಬಿಕೆ ಉಂಟೆಂದು ಸ್ಕಿನ್ನರ್ ಘೋಷಿಸಿದರು.

ಆದರೆ ಅವರು ನಮ್ಮ ಬಡಾವಣೆಗೆ ಬಂದವರಲ್ಲ. ನಾಯಿ ಬಾರದಿರಲೆಂದು ಗೇಟಿನ ಮುಂದೆ ನೀಲಿ ನೀರಿನ ಬಾಟಲಿ ಇಡುವ ಜನವೇ ಪಾರಿವಾಳಕ್ಕೆಂದು ಬಾಲ್ಕನಿಯಲ್ಲಿ ಹಳೇ ಸೀಡಿ ತೂಗುಹಾಕಿದ್ದಾರೆ, ಪ್ಲಾಸ್ಟಿಕ್ ಗೂಬೆ ಕೂರಿಸಿದ್ದಾರೆ. ಮೊದಲ ದಿನ ಹಕ್ಕಿ ಬರಲಿಲ್ಲ; ಗೂಬೆಯ ಮಹಿಮೆ ಕೊಂಡಾಡಲಾಯಿತು. ಕದಲದ ಗೂಬೆ ಕಚ್ಚದೆಂದು ತಿಳಿದ ಮೇಲೆ ಅದರ ನೆತ್ತಿಯೇ ಪೀಠವಾಯಿತು. ಆಮೇಲೆ ಜನ ಗೂಬೆಯ ದಿಕ್ಕು ಬದಲಿಸಿ ನೋಡಿದರು. ಪೆಟ್ಟಿಗೆಯೊಳಗೆ ಯಾರಿರಬೇಕಿತ್ತು ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಬುದ್ಧಿಯಲ್ಲಿ ಕಪೋತನನ್ನು ಕಡೆಗಣಿಸುವಂತಿಲ್ಲ. ಮೋನೆ ಚಿತ್ರ ಯಾವುದು, ಪಿಕಾಸೊ ಚಿತ್ರ ಯಾವುದು ಎಂದು ಬೇರ್ಪಡಿಸುವುದನ್ನು ಜಪಾನಿನ ಪಾರಿವಾಳಗಳು ಕಲಿತದ್ದು 1995ರಲ್ಲಿ ವರದಿಯಾಗಿದೆ. 2011ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಹಕ್ಕಿಗಳನ್ನು ಓಡಿಸುವವರ ಮತ್ತು ಸುಮ್ಮನಿರುವವರ ಕೋಟು ಅದಲುಬದಲು ಮಾಡಿದರೂ ಪಾರಿವಾಳಗಳು ಮೋಸಹೋಗಲಿಲ್ಲ. ಆದ್ದರಿಂದ ‘ಹುಶ್’ ಎಂದು ಟವೆಲ್ ಬೀಸುವ ಯಜಮಾನರಿಗೆ ತಮ್ಮ ಅಂಗಿ ಬದಲಾಯಿಸಿ ಉಪಯೋಗವಿಲ್ಲ.

ಈಗ ಆಶ್ರಯದಾತರು. ಈ ಪ್ರಬಂಧದ ತಿರುಳು ಇರುವುದೇ ಇಲ್ಲಿ. ಅಕ್ಬರನ ಆಸ್ಥಾನ ಪಾರಿವಾಳ ಹಾರಿಸುವ ಆಟಕ್ಕೆ ‘ಇಷ್ಕ್‌ಬಾಜಿ’ ಎಂಬ ಹೆಸರನ್ನೇ ಕೊಟ್ಟಿತ್ತು. ನಮ್ಮ ಕಟ್ಟಡದ ಅಕ್ಬರ್ ಟೆರೇಸಿನ ಮೇಲೆ ದಿನಾ ಬೆಳಿಗ್ಗೆ ಒಂದು ಸೇರು ಜೋಳ ಎರಚುವ ಹಿರಿಯರು. ಅಸೋಸಿಯೇಷನ್ನಿನ ಸೆಕ್ರೆಟರಿ ಹೋಗಿ, ‘ಸಾರ್, ಸ್ವಲ್ಪ ಯೋಚನೆ ಮಾಡಿ’ ಎಂದರೆ, ‘ಮೂಕಜೀವ ಕಣಪ್ಪಾ, ಶಿಬಿ ಚಕ್ರವರ್ತಿ ಏನು ಮಾಡಿದ ಗೊತ್ತಾ?’ ಎಂದು ಪುರಾಣಪ್ರಮಾಣ ಒಡ್ಡುತ್ತಾರೆ. ಪ್ರಮಾಣ ನಿಜವೇ, ಅನ್ವಯ ಸರಿಯಿಲ್ಲ. ಶಿಬಿ ಕೊಯ್ದುಕೊಟ್ಟದ್ದು ತನ್ನ ತೊಡೆಯನ್ನು. ಇವರು ದಾನ ಮಾಡುತ್ತಿರುವುದು ಕೆಳಗಿನ ಮನೆಯವರ ಸಜ್ಜೆಯನ್ನು.

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದಿತು. ಸಂಖ್ಯೆ ಇಳಿಯಲಿಲ್ಲ. ಸತ್ತವುಗಳ ಜಾಗಕ್ಕೆ ಮರಿಗಳು ಬಂದವು, ಏಕೆಂದರೆ ಊರಲ್ಲಿ ಎಷ್ಟು ಪಾರಿವಾಳ ಇರಬೇಕೆಂದು ತೀರ್ಮಾನಿಸುವುದು ಕೋವಿಯಲ್ಲ, ಕಾಳು. 1988ರಲ್ಲಿ ನಗರ ತಂತ್ರ ಬದಲಿಸಿತು. ಕಾಳು ಹೆಚ್ಚಾದರೆ ಗೂಡುಗಳಲ್ಲಿ ನೂಕುನುಗ್ಗಲು, ನೂಕುನುಗ್ಗಲಾದರೆ ರೋಗ, ಸಾಯುವುದು ಮರಿಗಳು ಎಂದು ಕಾಳು ಹಾಕುವವರಿಗೇ ಬಿಡಿಸಿ ಹೇಳಿತು. ಗೊತ್ತುಮಾಡಿದ ಗೂಡುಮನೆಗಳಲ್ಲಿ ಮೊಟ್ಟೆ ತೆಗೆಯುವ ವ್ಯವಸ್ಥೆಯೂ ಆಯಿತು. ನಾಲ್ಕು ವರ್ಷದಲ್ಲಿ ಸಂಖ್ಯೆ ಹೆಚ್ಚುಕಡಿಮೆ ಅರ್ಧವಾಯಿತು. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಇಂಥ ಗೂಡುಮನೆಗಳಲ್ಲಿ ಮೊಟ್ಟೆ ತೆಗೆದು ಹುಸಿಮೊಟ್ಟೆ ಇಡುತ್ತಾರೆ. ಹಕ್ಕಿ ನೆಮ್ಮದಿಯಿಂದ ಕಾವು ಕೂರುತ್ತದೆ. ಇತ್ತ ಮುಂಬೈಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ತಾಣವಾದ ದಾದರ್ ಕಬೂತರ್‌ಖಾನೆಗೆ 2025ರಲ್ಲಿ ಪಾಲಿಕೆ ತಾಡಪಾಲು ಹೊದಿಸಿದಾಗ ಪ್ರತಿಭಟಿಸಿದವರು ಅದನ್ನು ಹರಿದರು. ತಗಾದೆ ಹೈಕೋರ್ಟಿನ ಮೆಟ್ಟಿಲೇರಿತ್ತು. ತಾಡಪಾಲಿಗಿಂತ ಮೊದಲು ಬಾಸೆಲ್ಲಿನವರಂತೆ ಕೂತು ಮಾತಾಡಿದ್ದರೆ ಚೆನ್ನಿತ್ತು ಎಂಬುದು ಪ್ರಬಂಧಕಾರನ ನಮ್ರ ಅಭಿಮತ.

ಕೊನೆಗೆ ಕೃತಿವಿಚಾರ. ಕಪೋತನ ಕೃತಿಗಳು ಶ್ವೇತವರ್ಣದವು, ಅಪಾರ ಸಂಖ್ಯೆಯವು, ಒಗೆದ ಬಟ್ಟೆಯ ಮೇಲೆ ಹೆಚ್ಚು ಪ್ರಚಾರದಲ್ಲಿರುವಂಥವು. ಇರಾನಿನ ಇಸ್ಫಹಾನಿನಲ್ಲಿ ಇವುಗಳ ಸಂಗ್ರಹಕ್ಕೆಂದೇ ಗೋಪುರಗಳನ್ನು ಕಟ್ಟಿ ಕಲ್ಲಂಗಡಿ, ಕರಬೂಜದ ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು. ನಮ್ಮಲ್ಲಿ ಅಷ್ಟು ಸಾಹಿತ್ಯಾಭಿರುಚಿ ಇಲ್ಲ. ಇಲ್ಲಿ ಅಣಕವನ್ನು ಕೊಂಚ ಬದಿಗಿಡಬೇಕು: ಒಣಗಿದ ಹಿಕ್ಕೆಯನ್ನು ಗುಡಿಸಿದರೆ ಏಳುವ ಧೂಳು, ಗರಿಯ ಪುಡಿ ವರ್ಷಗಟ್ಟಲೆ ಒಳಹೋದರೆ ಕೆಲವರ ಶ್ವಾಸಕೋಶ ಗಟ್ಟಿಯಾಗಿ ಉಸಿರೇ ಭಾರವಾಗುತ್ತದೆ. ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ನೆನೆಸಿ, ಆಮೇಲೆ ಕೆರೆಯಬೇಕು. ಒಣ ಪೊರಕೆ ನಿಷಿದ್ಧ.

ಹಕ್ಕಿಗೆ ಜಾಗವೇ ಸಿಗದಂತೆ ಮಾಡುವುದು ಹೊಡೆಯುವುದಕ್ಕಿಂತ ಮೇಲು. ಕೂರುವ ಅಂಚಿಗೆ ಇಳಿಜಾರು ಹಲಗೆ, ಏಸಿ ಪೆಟ್ಟಿಗೆಯ ಹಿಂದಿನ ಸಂದಿಗೆ ಜಾಲರಿ, ಬಾಲ್ಕನಿಗೆ ಬಿಗಿಯಾದ ನೆಟ್. ಬಿಗಿ ಎಂಬುದಕ್ಕೆ ಒತ್ತು ಇರಲಿ; ಜೋಲುಬಿದ್ದ ನೆಟ್ಟಿನಲ್ಲಿ ಸಿಕ್ಕಿಬಿದ್ದ ಹಕ್ಕಿಗಳೆಲ್ಲ ಪಂಚತಂತ್ರದ ಚಿತ್ರಗ್ರೀವನ ಬಳಗದಂತೆ ಬಲೆಸಮೇತ ಹಾರಿಹೋಗಲಾರವು, ಅಲ್ಲೇ ತೂಗಾಡಿ ಸಾಯುತ್ತವೆ.

ಓದುಗರಲ್ಲಿ ಒಂದು ಅರಿಕೆ. ನೆಟ್ಟಿನವರನ್ನು ಕರೆಸುವ ಮುನ್ನ ಸಜ್ಜೆಯ ಮೂಲೆಗೆ, ಏಸಿ ಪೆಟ್ಟಿಗೆಯ ಹಿಂದಕ್ಕೆ ಟಾರ್ಚು ಬಿಟ್ಟು ನೋಡಿ. ಮರಿ ಇದ್ದರೆ ನೆಟ್ಟಿನವರಿಗೆ ಒಂದು ತಿಂಗಳು ಬಿಟ್ಟು ಬರಲು ಹೇಳಿ. ಅಡ್ವಾನ್ಸ್ ಕೊಟ್ಟಾಗಿದ್ದರೂ ಸರಿಯೇ.