ಫಾರಂ ರಾಯರು

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಲೇಕ್ ಎಲಿಜಬೆತ್ ಸುತ್ತ ಸಂಜೆ ವಾಕಿಂಗಿಗೆ ಬರುವ ಕನ್ನಡದ ಅಪ್ಪ-ಅಮ್ಮಂದಿರ ಗುಂಪಿಗೆಲ್ಲ ರಾಯರು ಗೊತ್ತು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಮಗ ಕೊಡಿಸಿದ ಬಿಳಿ ಶೂ, ನಾಲಗೆಯ ತುದಿಯಲ್ಲಿ ಫಾರಂ ನಂಬರು. ಹೊಸಬರು ಸಿಕ್ಕರೆ "ಯಾವೂರಾಯ್ತು?" ಎನ್ನುವುದು ಅವರ ಎರಡನೆಯ ಪ್ರಶ್ನೆ. ಮೊದಲನೆಯದು, "ನಿಮ್ಮ ಐ-94 ಎಲ್ಲೀವರೆಗೆ ಇದೆ?" ಅಂದರೆ, ಅಮೆರಿಕದಲ್ಲಿ ಉಳಿಯಲು ಕೊಟ್ಟ ಗಡುವು.

"ಹತ್ತು ವರ್ಷದ ವೀಸಾ ಕೊಟ್ಟಿದ್ದಾರಲ್ಲ" ಎಂದಿರೋ, ಕೆಟ್ಟಿರಿ.

"ಅದು ಬಾಗಿಲು ತಟ್ಟೋಕೆ ಸ್ವಾಮಿ! ಒಳಗೆ ಕೂರೋಕೆ ಸಾಮಾನ್ಯವಾಗಿ ಆರೇ ತಿಂಗಳು."

ಇನ್ನಷ್ಟು ದಿನ ಇರಬೇಕೆ? ಗಡುವು ಮುಗಿಯುವ ಮೊದಲೇ ಐ-539 ಹಾಕಿ. ಪ್ರವಾಸಿಯ ಬಿ-2ನಿಂದ ವಿದ್ಯಾರ್ಥಿ ಆಗಬೇಕೆ? ಅದಕ್ಕೂ ಐ-539, ಮಂಜೂರಾಗುವ ತನಕ ಕ್ಲಾಸಿನ ಹೊಸ್ತಿಲು ತುಳಿಯುವಂತಿಲ್ಲ. "ಈ ವಯಸ್ಸಿನಲ್ಲಿ ನನಗೆಂಥ ಕಾಲೇಜು ರಾಯರೇ?" ಎಂದರೆ, "ಫಾರಂ ಇದೆ ಅಂತ ಹೇಳಿದೆ, ಓದಿ ಅಂದೆನೇ?" ಎಂದು ಗದರುತ್ತಾರೆ.

ನಿಮ್ಮ ಮಕ್ಕಳನ್ನು ಅವರು ಅಳೆಯುವುದೂ ಹೀಗೆಯೇ. ಮಗ ಎಚ್-1ಬಿ ಎಂದರೆ ಸಮಾಧಾನಕ್ಕೆ ಬೆನ್ನು ತಟ್ಟುತ್ತಾರೆ. ಗ್ರೀನ್ ಕಾರ್ಡ್ ಎಂದರೆ, "ಒಳ್ಳೇದು, ಆದರೆ ಹೆತ್ತವರಿಗೆ ಅದರಿಂದ ಕೆಲಸವಾಗಲ್ಲ" ಎಂದು ನಿಟ್ಟುಸಿರು. ಸಿಟಿಜನ್, ವಯಸ್ಸು 21 ದಾಟಿದೆ ಎಂದರೆ ಮಾತ್ರ ಎರಡೂ ಕೈ ಹಿಡಿದು, "ಹೆತ್ತವರ ಗ್ರೀನ್ ಕಾರ್ಡಿಗೆ ಐ-130, ಐ-485 ಒಟ್ಟಿಗೇ ಹಾಕಬಹುದು!" ಎಂದು ಹರಸುತ್ತಾರೆ.

ಮರುಕ್ಷಣವೇ ದನಿ ಗಟ್ಟಿ: "ಆದರೆ ಇಲ್ಲೇ ಉಳಿಯೋ ಸಂಚು ಮಾಡಿಕೊಂಡು, ಏರ್‌ಪೋರ್ಟಲ್ಲಿ 'ನೋಡಿ ಹೋಗ್ತೀನಿ' ಅನ್ನಬಾರದು. ಅದು ಮೋಸ."

"ನೀವು ಬಂದಾಗ?"

"ನೋಡಿ ಹೋಗೋಕೇ ಬಂದೆ. ಅಷ್ಟರಲ್ಲಿ ಸೊಸೆಯ ಬಾಣಂತನದ ರಜೆ ಮುಗೀತು."

ಈಗ ರಾಯರ ಐ-485 ಇನ್ನೂ ತೀರ್ಮಾನವಾಗಿಲ್ಲ. ಹೋಗಿ ಬರಲು ಬೇಕಾದ ಮುಂಗಡ ಅನುಮತಿ, ಅಡ್ವಾನ್ಸ್ ಪರೋಲ್, ಕೈಸೇರದೆ ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆ. ಹಾಗಾಗಿ ಮೈಸೂರಿನಲ್ಲಿ ನಡೆದ ತಮ್ಮನ ಮಗಳ ಮದುವೆಗೆ ಅವರು ಅಕ್ಷತೆ ಹಾಕಿದ್ದು ವಾಟ್ಸಾಪಿನಲ್ಲಿ. ಕಾಳು ಬಿದ್ದದ್ದು ಮೊಮ್ಮಗನ ಹಾಲಿನ ಬಾಟಲಿಯೊಳಗೆ.

ರಾಯರು ಹೇಳುವುದು ಬಹುಮಟ್ಟಿಗೆ ಸರಿಯೇ. ಕೇಳಿಸಿಕೊಳ್ಳಿ, ವಾಕಿಂಗೂ ಆಗುತ್ತದೆ. ಫಾರಂಗೆ ಸಹಿ ಹಾಕುವ ಮುನ್ನ ಮಾತ್ರ ವಕೀಲರನ್ನು ಕಾಣಿ. ರಾಯರ ಮಗನೂ ಅದನ್ನೇ ಮಾಡಿದ್ದು.