ಠಾಣೆಯ ಉತ್ತರ ಘಾಟ್‌ಕೋಪರ್‌ನಲ್ಲಿ

ಡೊಂಬಿವಲಿ ಕಡೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮಾತು ಸಾಲಾಗಿಯೇ ಬರುತ್ತದೆ, ಅರ್ಥ ಮಾತ್ರ ಸಾಲು ತಪ್ಪುತ್ತದೆ.

ಮೊನ್ನೆ ಬೆಳಿಗ್ಗೆ ರಾಯರು, "ಭಾನುವಾರ ಮಾಟುಂಗಾದಲ್ಲಿ ನಾಟಕ, ಯಾರ‍್ಯಾರು ಬರ್ತೀರಿ?" ಎಂದು ಕೇಳಿದರು. ಶೆಟ್ಟರಿಗೆ ಉತ್ತರ ಹೊಳೆದದ್ದು ಠಾಣೆಯಲ್ಲಿ. ಆದರೆ ಫಾಸ್ಟ್ ಲೋಕಲ್‌ನ ಗರ್ದಿಯಲ್ಲಿ ಮೊಬೈಲ್ ಹಿಡಿದ ಕೈ ಯಾರದೋ ಡಬ್ಬಿಚೀಲದ ಅಡಿಯಲ್ಲಿತ್ತು. ಘಾಟ್‌ಕೋಪರ್‌ನಲ್ಲಿ ಮೆಟ್ರೊ ಹಿಡಿಯುವವರೆಲ್ಲ ಇಳಿದ ಮೇಲೆ ಕೈಗೆ ಬಿಡುಗಡೆ. "ಬಹಳ ಸಂತೋಷ! ನಾವು ನಾಲ್ಕು ಜನ ಬರ್ತೇವೆ. ಊಟ ಇದೆಯಲ್ಲ?" ಎಂದು ಒತ್ತಿಯೇಬಿಟ್ಟರು. ಅಷ್ಟರಲ್ಲಿ ಕುಲಕರ್ಣಿಯವರು ತಮ್ಮ ಸೋದರಮಾವ ತೀರಿಕೊಂಡ ಸುದ್ದಿ ಹಾಕಿಯಾಗಿತ್ತು.

ಯಾವ ಮಾತಿಗೆ ಉತ್ತರವೋ ಅದನ್ನೇ ಎತ್ತಿ ತೋರಿಸಿ ಕೆಳಗೆ ಬರೆಯುವ ಅನುಕೂಲ ವಾಟ್ಸಾಪ್‌ನಲ್ಲಿ 2016ರಿಂದಲೇ ಇದೆ. ಒಂದು ಬೆರಳು ಸಾಕು. ಆ ಬೆರಳೂ ಅಲ್ಲಾಡದ ಗರ್ದಿ ಎಂದರೇನೆಂದು ಊರಿನಲ್ಲಿ ಕೂತವರಿಗೆ ಹೇಗೆ ಹೇಳುವುದು?

ಕುಲಕರ್ಣಿಯವರು ಸಿಟ್ಟಾಗಿ ಗುಂಪು ಬಿಟ್ಟರು. ಅದರ ಕೆಳಗೇ ಯಾರೋ ಹೆಬ್ಬೆರಳು ಎತ್ತಿದರು: ನಾಟಕಕ್ಕೋ, ಊಟಕ್ಕೋ, ಬಿಟ್ಟುಹೋದದ್ದಕ್ಕೋ. ರಾಯರು ಮಾತ್ರ ಶೆಟ್ಟರ ಹೆಸರಿಗೆ ನಾಲ್ಕು ಟಿಕೆಟ್ ಬರೆದುಕೊಂಡು, "ಊಟ ಇಲ್ಲ, ಚಹಾ ಇದೆ" ಎಂದರು.