ಖಡಕ್ ರೊಟ್ಟಿಯೂ ಬಿರಿದ ದವಡೆಹಲ್ಲೂ

ವಿಜಯಪುರ ನಗರದಲ್ಲಿಯೂ ನೆರೆಯ ತಿಕೋಟಾ, ಬಬಲೇಶ್ವರಗಳಲ್ಲಿಯೂ ರೊಟ್ಟಿಯ ಯೋಗ್ಯತೆಯನ್ನು ಅದು ಮುರಿಯುವ ಸದ್ದಿನಿಂದಲೇ ಅಳೆಯುವವರು ಬಹಳ ಮಂದಿಯಿರುವುದರಿಂದ, ಅಲ್ಲಿನ ದವಡೆಹಲ್ಲುಗಳ ಅಧ್ಯಯನವನ್ನು ಖಡಕ್ ರೊಟ್ಟಿಯಿಂದ, ಅಂದರೆ ಬೇಯಿಸಿ ಒಣಗಿಸಿಟ್ಟ ಜೋಳದ ರೊಟ್ಟಿಯಿಂದ, ಆರಂಭಿಸುವುದೇ ಯುಕ್ತ. ಆದರೆ ಹಲ್ಲು ಬಿರಿಯುವುದರಲ್ಲಿ ಹಿಟ್ಟಿನೊಳಗಿನ ಹರಳಿಗೂ, ಹಳೆಯ ದೊಡ್ಡ ಫಿಲ್ಲಿಂಗಿಗೂ, ನಿದ್ದೆಯಲ್ಲಿ ಹಲ್ಲು ಕಡಿಯುವ ಚಾಳಿಗೂ ಪಾಲಿದೆ; ತಿಕೋಟಾದ ಒಣದ್ರಾಕ್ಷಿಯೊಂದು ನಿರಪರಾಧಿ.

ಅಮೆರಿಕದ ದಂತವೈದ್ಯ ಕ್ಯಾಮರಾನ್ 1964ರಲ್ಲಿ ಹೆಸರಿಟ್ಟ ಈ ಹಲ್ಲುಬಿರುಕಿನ ಬೇನೆಯ ಮುಖ್ಯ ಲಕ್ಷಣ ಕಪಟ. ಹಲ್ಲು ಬಹುಮಟ್ಟಿಗೆ ಕಡಿದಾಗ ಸುಮ್ಮನಿದ್ದು, ಕಡಿತ ಸಡಿಲಿಸಿದಾಗ ಚುರುಕ್ಕೆನ್ನುತ್ತದೆ. ಒತ್ತಡಕ್ಕೆ ಅಗಲಿದ ತುಣುಕುಗಳು ಮರಳಿ ಕೂಡುವಾಗ ಡೆಂಟಿನ್ನಿನ, ಅಂದರೆ ಎನಾಮಲ್ಲಿನ ಒಳಪದರದ, ಸೂಕ್ಷ್ಮನಾಳಗಳಲ್ಲಿರುವ ದ್ರವ ಥಟ್ಟನೆ ಚಲಿಸಿ ನರವನ್ನು ಕೆಣಕುತ್ತದೆ. ಬಿರುಕು ಸಾಮಾನ್ಯವಾಗಿ ಹಲ್ಲಿನ ಮುಂದಿನಿಂದ ಹಿಂದಕ್ಕೆ, ಫಿಲ್ಮಿಗೆ ಸಮಾನಾಂತರವಾಗಿ ಹರಿಯುವುದರಿಂದ ಎಕ್ಸ್‌ರೇಗೂ ಸಿಕ್ಕುವುದು ಕಷ್ಟ.

ಆಗ ಉಳಿಯುವುದು ಕಡಿತದ ಪರೀಕ್ಷೆ, ಅಂದರೆ ಹಲ್ಲಿನ ಒಂದೊಂದೇ ಮೊನೆಯ ಮೇಲೆ ಪ್ಲಾಸ್ಟಿಕ್ಕಿನ ತುಂಡಿಟ್ಟು ಕಚ್ಚಿಸಿ ನೋಡುವ ಕ್ರಮ. ಮನೆಯಲ್ಲಿ ತುತ್ತುತುತ್ತಿಗೂ ಕುಣಿಸಿದ ಹಲ್ಲು ದವಾಖಾನೆಯ ಕುರ್ಚಿಯಲ್ಲಿ ಸಾಧುವಾಗಿಬಿಡುತ್ತದೆ. ವೈದ್ಯರು "ಕಡೀರಿ, ನೋವಾಗ್ತೈತೇನ್ರಿ?" ಎಂದಾಗ ಬಾಯಿ ತೆರೆಯಲಾಗದ ರೋಗಿ "ಊಂಹೂಂ" ಎನ್ನುತ್ತಾನೆ. ಎರಡನೆಯ ಮೊನೆಗೂ ಊಂಹೂಂ. ಬಬಲೇಶ್ವರದಿಂದ ಕೆಲಸ ಬಿಟ್ಟು ಜೊತೆಗೆ ಬಂದ ಅಳಿಯ ಗಡಿಯಾರ ನೋಡುತ್ತಾನೆ. ಮೂರನೆಯದಕ್ಕೂ ಊಂಹೂಂ, ರೋಗಿಗೆ ತನ್ನ ಪ್ರಾಮಾಣಿಕತೆಯ ಮೇಲೆಯೇ ಅನುಮಾನ ಹುಟ್ಟಿ, ಒಂದಿಷ್ಟಾದರೂ ನೋಯಲೆಂದು ದೇವರಿಗೆ ಹರಕೆ ಹೊರುತ್ತಾನೆ. ನಾಲ್ಕನೆಯ ಮೊನೆಗೆ "ಬಿಡ್ರಿ" ಎಂದದ್ದೇ ತಡ, ಎರಡೂ ಕಾಲು ಮೇಲಕ್ಕೆದ್ದು, ಕಣ್ಣಲ್ಲಿ ನೀರು ಬಂದು, "ಇದ ನೋಡ್ರಿ! ಇದ!" ಎಂಬ ಕೂಗು ಸಂತೆಯಲ್ಲಿ ಕಳೆದ ಎತ್ತು ಸಿಕ್ಕವನ ಸಡಗರದಲ್ಲಿ ಹೊರಡುತ್ತದೆ. ಈ ಸಡಗರವನ್ನು ಪ್ರಸ್ತುತ ಲೇಖಕನೂ ಉಂಡಿದ್ದಾನೆಂಬುದನ್ನು ಇಲ್ಲಿ ಸಂಕೋಚದಿಂದಲೇ ದಾಖಲಿಸಬೇಕು.

ಮುಂದಿನದು ಸರಳ: ಬಿರುಕು ಮೇಲ್ಮಟ್ಟದ್ದಾದರೆ ಕ್ಯಾಪು, ಒಳಗಿನ ನರಕ್ಕೆ ತಾಕಿದ್ದರೆ ರೂಟ್ ಕೆನಾಲು, ಬೇರಿನವರೆಗೆ ಸೀಳಿದ್ದರೆ ಬಹುಶಃ ಕೀಳುವುದೇ ಗತಿ. ಮುರಿದ ಮೂಳೆ ಕೂಡುತ್ತದೆ. ಎನಾಮಲ್ಲಿನಲ್ಲಿ ಜೀವಕೋಶಗಳಿಲ್ಲದ್ದರಿಂದ ಅದರ ಬಿರುಕು ತಾನಾಗಿ ಮಾಯುವುದಿಲ್ಲ. ಆದರೂ "ಲವಂಗ ಇಟ್ಕೋರಿ, ಹೋಗ್ತೈತಿ" ಎನ್ನುವ ಹಿತೈಷಿಗಳಿಗೆ ಬರವಿಲ್ಲ. ಲವಂಗದ ಯೂಜಿನಾಲ್ ನೋವನ್ನು ಮರೆಸುತ್ತದೆ, ಬಿರುಕು ಅಷ್ಟರಲ್ಲಿ ಬೇರಿಗಿಳಿಯುತ್ತದೆ, ಹಿತೈಷಿಗಳು ಆಗ ಬೇರೊಬ್ಬರ ಮೊಣಕಾಲಿಗೆ ಔಷಧಿ ಹೇಳುತ್ತಿರುತ್ತಾರೆ.

ಆದುದರಿಂದ ವೈದ್ಯರೆದುರು ಕೂತ ಕೂಡಲೇ "ಕಡಿದಾಗಲ್ಲ, ಬಿಟ್ಟಾಗ ನೋಯುತ್ತದೆ" ಎಂದು ಹೇಳಿಬಿಡಬೇಕು. ಚಿಕಿತ್ಸೆ ಮುಗಿಯುವವರೆಗೆ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ, ಇನ್ನೊಂದು ದವಡೆಯಲ್ಲಿ, ಸದ್ದಿಲ್ಲದೆ ತಿನ್ನಬೇಕು.